ಮುಕ್ತಾಯ ಎಷ್ಟು ಗಂಟೆಗೆ?

ಮುಂಬಯಿಯ ಯಾವುದಾದರೂ ಕನ್ನಡ ಅಥವಾ ತುಳು ಸಂಘದ ಆಮಂತ್ರಣ ಪತ್ರಿಕೆಯನ್ನು ತೆಗೆದು ನೋಡಿ. ಈಗ ಅದು ಅಂಚೆಯಲ್ಲಿ ಬರುವುದು ಕಡಿಮೆ, ವಾಟ್ಸ್ಆ್ಯಪ್‌ನಲ್ಲೇ ಬರುತ್ತದೆ. ಒಳಗಿನ ಸರಕು ಮಾತ್ರ ಅದೇ. ಮೇಲೆ ಗಣಪತಿ, ಕೆಳಗೆ ಸಂಘದ ಲಾಂಛನ, ಆಮೇಲೆ ಅಧ್ಯಕ್ಷತೆ, ಉದ್ಘಾಟನೆ, ಮುಖ್ಯ ಅತಿಥಿ, ಗೌರವ ಅತಿಥಿಗಳು, ಸನ್ಮಾನಿತರು. ಒಬ್ಬೊಬ್ಬರ ಹೆಸರಿನ ಪಕ್ಕ ಪಾಸ್‌ಪೋರ್ಟ್ ಸೈಜಿನ ಒಂದು ಫೋಟೊ. ಸಮಯ ‘ಸಂಜೆ 4 ಗಂಟೆಗೆ ಸರಿಯಾಗಿ’. ಕೊನೆಯ ಸಾಲಿನಲ್ಲಿ ‘ಊಟದ ವ್ಯವಸ್ಥೆ ಇದೆ’. ಎಷ್ಟು ಗಂಟೆಗೆ ಮುಗಿಯುತ್ತದೆ ಎಂಬುದು ಮಾತ್ರ ಎಲ್ಲೂ ಕಾಣುವುದಿಲ್ಲ.

ದಹಿಸರಿನಲ್ಲಿ ಮನೆ ಮಾಡಿಕೊಂಡವರಿಗೆ ಬೇಕಾದದ್ದು ಆ ಇಲ್ಲದ ಸಾಲೇ. ಪಶ್ಚಿಮ ರೈಲ್ವೆಯಲ್ಲಿ ಮುಂಬಯಿ ಮಹಾನಗರ ಪಾಲಿಕೆಯ ಕೊನೆಯ ಸ್ಟೇಷನ್ ನಮ್ಮದು. ಮುಂದಿನ ಮೀರಾ ರೋಡ್ ಠಾಣೆ ಜಿಲ್ಲೆ. ರಸ್ತೆಯಲ್ಲಿ ಬಂದರೆ ಚೆಕ್ ನಾಕಾ. ಕಾರುಗಳಿಗೆ 2024ರ ಅಕ್ಟೋಬರಿನಲ್ಲಿ ಟೋಲ್ ತೆಗೆದರು, ವಾಹನಗಳ ಸಾಲನ್ನು ತೆಗೆಯುವವರು ಇನ್ನೂ ಹುಟ್ಟಿಲ್ಲ. ಒಂದು ಕಾಲದಲ್ಲಿ ಫೋರ್ಟ್, ಪರೇಲ್, ಮಾಟುಂಗದ ಹೋಟೆಲುಗಳ ಮಾಳಿಗೆಯಲ್ಲಿ ಮಲಗಿ ಬೆಳೆದ ನಮ್ಮವರ ಮಕ್ಕಳು, ಮೊಮ್ಮಕ್ಕಳು ಮನೆಯ ಬೆಲೆಯನ್ನು ಹಿಂಬಾಲಿಸುತ್ತ ಬೊರಿವಲಿ, ದಹಿಸರ್, ಮೀರಾ ರೋಡ್, ವಸಾಯಿವರೆಗೆ ಬಂದರು. ಸಂಘಗಳ ಹಳೆಯ ಕಟ್ಟಡಗಳು ಇದ್ದಲ್ಲೇ ಉಳಿದವು. ಹೀಗೆ ಕಾರ್ಯಕ್ರಮಕ್ಕೂ ಪ್ರೇಕ್ಷಕನಿಗೂ ನಡುವೆ ಮೂವತ್ತು ಕಿಲೋಮೀಟರು ಬಿತ್ತು.

ಕಾರ್ಯಕ್ರಮದ ಭಾನುವಾರವನ್ನು ಬರುವವರ ಕಡೆಯಿಂದ ಲೆಕ್ಕ ಹಾಕಿ ನೋಡೋಣ. ಕುರ್ಲಾ ಪೂರ್ವದ ಬಂಟರ ಭವನದಲ್ಲಿ ನಾಲ್ಕಕ್ಕೆ ಕಾರ್ಯಕ್ರಮ ಎಂದರೆ ದಹಿಸರಿನ ಸಂಸಾರ ಎರಡೂವರೆಗೆ ಮನೆಯ ಬಾಗಿಲು ಹಾಕಬೇಕು. ಸ್ಟೇಷನ್‌ವರೆಗೆ ರಿಕ್ಷಾ, ದಾದರ್‌ವರೆಗೆ ಲೋಕಲ್, ದಾದರ್ ಸೇತುವೆಯ ಮೇಲೆ ಸೀರೆಯ ನೆರಿಗೆ ಕಾಪಾಡಿಕೊಂಡು, ಮಗುವಿನ ಕೈ ಬಿಡದೆ ನುಸುಳಿ ಸೆಂಟ್ರಲ್ ಲೈನು, ಮತ್ತೆ ಕುರ್ಲಾ. ಮಾಟುಂಗದಲ್ಲಾದರೆ ಸ್ವಲ್ಪ ಪುಣ್ಯ. ಕರ್ನಾಟಕ ಸಂಘದ ಡಾ. ವಿಶ್ವೇಶ್ವರಯ್ಯ ಸ್ಮಾರಕ ಮಂದಿರ ಪಶ್ಚಿಮದಲ್ಲಿದೆ, ಮಾಟುಂಗ ರೋಡಿನಲ್ಲಿ ಇಳಿದು ನಡೆದೇ ಹೋಗಬಹುದು. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ ಪೂರ್ವದಲ್ಲಿ. ಮೊಣಕಾಲು ಗಟ್ಟಿ ಇದ್ದವರು ಸೇತುವೆ ಹತ್ತಿ ಇಳಿಯುತ್ತಾರೆ. ಇಲ್ಲದವರಿಗೆ ರಿಕ್ಷಾ ಸಿಗುವುದಿಲ್ಲ, ಮಾಹಿಮ್–ಸಾಯನ್ ದಾಟಿ ಹಳೆಯ ನಗರದೊಳಗೆ ಆಟೊಗಳಿಗೆ ಪ್ರವೇಶವಿಲ್ಲ. ಟ್ಯಾಕ್ಸಿಯವನನ್ನು ಕಾಡಬೇಕು.

ಅದೂ ಭಾನುವಾರ. ಪಶ್ಚಿಮ ರೈಲ್ವೆಯವರು ಹಳಿ, ಸಿಗ್ನಲ್ ಕೆಲಸಕ್ಕೆ ‘ಜಂಬೋ ಬ್ಲಾಕ್’ ಇಟ್ಟುಕೊಳ್ಳುವುದು ಭಾನುವಾರವೇ. ಸೆಂಟ್ರಲಿನವರು ಅದನ್ನೇ ‘ಮೆಗಾ ಬ್ಲಾಕ್’ ಎನ್ನುತ್ತಾರೆ. ಇದರ ಪ್ರಕಟಣೆ ಎರಡು ದಿನ ಮೊದಲೇ ಪತ್ರಿಕೆಗಳಲ್ಲಿ ಬರುತ್ತದೆ. ‘ನಾಳೆ ಬ್ಲಾಕ್ ಇದೆ, ಸ್ಲೋ ಗಾಡಿಗಳು ತಡ, ಅರ್ಧ ಗಂಟೆ ಮೊದಲು ಹೊರಡಿ’ ಎಂದು ಶನಿವಾರ ಸಂಜೆ ಗ್ರೂಪಿನಲ್ಲಿ ಒಂದು ಸಾಲು ಹಾಕಲು ಕಾರ್ಯದರ್ಶಿಗೆ ಒಂದು ನಿಮಿಷ ಸಾಕು. ‘ಗಣ್ಯರ ಆಗಮನದ ಕ್ಷಣಗಳು’ ಎಂಬ ವಿಡಿಯೊ ಮಾತ್ರ ಅದೇ ಗ್ರೂಪಿಗೆ ತಪ್ಪದೆ ಬರುತ್ತದೆ.

ದೊಡ್ಡ ಕಂಪನಿಗಳ ಸಮ್ಮೇಳನ ನಡೆಸಿಕೊಡುವ ವೃತ್ತಿಯವರು ಈಗ ಹೇಳುವ ಮಾತು ಇಷ್ಟೇ: ವೇದಿಕೆಯಿಂದ ಶುರು ಮಾಡಬೇಡಿ, ಬರುವವನ ಮನೆಬಾಗಿಲಿನಿಂದ ಶುರು ಮಾಡಿ. ಅವನು ಹೇಗೆ ಬರುತ್ತಾನೆ, ಬಂದಾಗ ಮೊದಲು ಯಾರು ಎದುರಾಗುತ್ತಾರೆ, ಎಲ್ಲಿ ಕೂರುತ್ತಾನೆ, ಎಷ್ಟು ಹೊತ್ತು ಸುಮ್ಮನೆ ಕಾಯುತ್ತಾನೆ, ಹೋಗುವಾಗ ಏನು ನೆನಪಿಟ್ಟುಕೊಂಡು ಹೋಗುತ್ತಾನೆ. ಇದಕ್ಕೆ ಅವರು ದೊಡ್ಡ ಶುಲ್ಕ ತೆಗೆದುಕೊಳ್ಳುತ್ತಾರೆ. ನಮ್ಮವರಿಗೆ ಇದನ್ನು ಹೊರಗಿನವರು ಬಂದು ಕಲಿಸಬೇಕಾದ ಪರಿಸ್ಥಿತಿ ಬಂದದ್ದು ವಿಚಿತ್ರ. ಮುಂಬಯಿಗೆ ಉಪಚಾರ ಎಂದರೇನೆಂದು ತೋರಿಸಿದ್ದೇ ಈ ಜನ. ಉಡುಪಿ ಹೋಟೆಲಿನಲ್ಲಿ ಗಿರಾಕಿ ಕುರ್ಚಿ ಎಳೆಯುವ ಮೊದಲೇ ನೀರಿನ ಲೋಟ ಮೇಜಿನ ಮೇಲೆ ಇರುತ್ತದೆ. ಮಾಟುಂಗ ಸ್ಟೇಷನ್ ಎದುರು ಎ. ರಾಮ ನಾಯಕರು 1942ರಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಇವತ್ತಿಗೂ ಕೂಪನ್ ಹಿಡಿದು ಸರದಿ ಕಾಯುವವರಿಗೆ ಮುಂದಿನ ಎಲೆ ತಮ್ಮದು ಎಂಬ ಭರವಸೆ ಇರುತ್ತದೆ. ತಮ್ಮ ಹೋಟೆಲಿನಲ್ಲಿ ಗಿರಾಕಿ ಐದು ನಿಮಿಷ ಹೆಚ್ಚು ಕಾದರೆ ಗಲ್ಲೆಯಿಂದ ಎದ್ದು ಬರುವ ಮಾಲೀಕರು, ಸಂಘದ ಅಧ್ಯಕ್ಷರಾಗಿ ಹಾರ ಹಾಕಿಸಿಕೊಂಡ ಮೇಲೆ ನಾನೂರು ಜನರನ್ನು ಒಂದೂವರೆ ಗಂಟೆ ಸುಮ್ಮನೆ ಕೂರಿಸುತ್ತಾರೆ.

ಚೌಕಿಯಲ್ಲಿ ಕುಳಿತ ಅರ್ಜುನ

ಸಭಾ ಕಾರ್ಯಕ್ರಮದ ಕ್ರಮ ನಮಗೆಲ್ಲ ಬಾಯಿಪಾಠ. ಪ್ರಾರ್ಥನೆ, ದೀಪ ಬೆಳಗುವುದು, ಸ್ವಾಗತ, ಪ್ರಾಸ್ತಾವಿಕ, ಅತಿಥಿಗಳ ಪರಿಚಯ, ಹೂಗುಚ್ಛ. ಆಮೇಲೆ ಸನ್ಮಾನ: ಶಾಲು, ಪೇಟ, ಹಾರ, ಫಲವಸ್ತು, ಸ್ಮರಣಿಕೆ, ಸನ್ಮಾನ ಪತ್ರದ ವಾಚನ. ಸನ್ಮಾನಿತರು ಇಬ್ಬರಿದ್ದರೆ ಸೊಗಸು, ಎಂಟು ಜನರಿದ್ದರೆ ಎಂಟೂ ಪತ್ರಗಳನ್ನು ಓದಬೇಕು. ಫೋಟೊಗೆ ‘ಸಮಿತಿಯವರು ಎಲ್ಲರೂ ಬನ್ನಿ’ ಎಂದು ನಿರೂಪಕರು ಕರೆಯುತ್ತಾರೆ, ಸಮಿತಿಯವರು ವೇದಿಕೆ ತುಂಬುತ್ತಾರೆ, ಸನ್ಮಾನಿತರು ಎಲ್ಲೋ ಹಿಂದೆ ಸರಿದಿರುತ್ತಾರೆ. ನಂತರ ಅತಿಥಿಗಳ ನಾಲ್ಕು ಮಾತು. ಆ ನಾಲ್ಕು ಮಾತು ನಲವತ್ತು ನಿಮಿಷ. ಹಿಂದಿನ ಸಾಲಿನಿಂದ ಯಾರೋ ‘ಭಾವ, ಇನ್ನು ಎಷ್ಟು ಜನ ಉಂಟು?’ ಎನ್ನುತ್ತಾರೆ. ಆಚೆಯಿಂದ ‘ಅಧ್ಯಕ್ಷರದ್ದು ಬಾಕಿ ಉಂಟು ಮಾರಾಯ’ ಎಂಬ ಉತ್ತರ.

ಬೈಯುವುದು ಸುಲಭ. ಹಾಲಿನ ಬಾಡಿಗೆ, ಧ್ವನಿವರ್ಧಕ, ನಾನೂರು ಊಟ – ಇದಕ್ಕೆ ಹಣ ಎಲ್ಲಿಂದ ಬರುತ್ತದೆ? ಪ್ರವೇಶ ಉಚಿತ, ಊಟ ಉಚಿತ. ಕೆಳಗೆ ಕೂತವರು ಒಂದು ರೂಪಾಯಿ ಕೊಟ್ಟಿರುವುದಿಲ್ಲ, ಮೇಲೆ ಕೂತವರು ಕೊಟ್ಟಿದ್ದಾರೆ. ದಾನಿಗೆ ಸಿಗುವುದು ಆ ಶಾಲು, ಆ ಫೋಟೊ, ಮರುದಿನದ ಪತ್ರಿಕೆಯಲ್ಲಿ ಮೂರು ಕಾಲಂ ಸುದ್ದಿ. ಅಷ್ಟೂ ಬೇಡ ಎಂದರೆ ಸಂಘವೇ ನಡೆಯುವುದಿಲ್ಲ. ಆದ್ದರಿಂದ ಸನ್ಮಾನ ನಿಲ್ಲಿಸಿ ಎನ್ನುವವರ ಗುಂಪಿಗೆ ನಾನು ಸೇರುವುದಿಲ್ಲ. ನನ್ನ ತಕರಾರು ಅದರ ಉದ್ದದ ಮೇಲೆ, ಅದನ್ನು ಇಡುವ ಜಾಗದ ಮೇಲೆ.

ಜಾಗ ಎಂದದ್ದು ಏಕೆಂದರೆ, ಮುಂಬಯಿಯಲ್ಲಿ ಯಕ್ಷಗಾನ ನೋಡಿದವರಿಗೆ ಈ ದೃಶ್ಯ ಪರಿಚಿತ. ಪ್ರಸಂಗ ಕಾವೇರಿದೆ, ಭಾಗವತರ ಏರುಪದ ಮುಗಿದಿದೆ, ಇನ್ನೇನು ಯುದ್ಧ. ಅಷ್ಟರಲ್ಲಿ ನಿರೂಪಕರು ಮೈಕ್ ಹಿಡಿದು ಬರುತ್ತಾರೆ: ಈಗ ಪುಟ್ಟ ಸಭಾ ಕಾರ್ಯಕ್ರಮ. ರಂಗದ ಮೇಲೆ ಕುರ್ಚಿಗಳು ಬರುತ್ತವೆ, ಹಿಮ್ಮೇಳದವರು ಎದ್ದು ಹೋಗುತ್ತಾರೆ. ಕಿರೀಟ, ಭುಜಕೀರ್ತಿ, ಗೆಜ್ಜೆ ಸಮೇತ ಅರ್ಜುನ ಚೌಕಿಗೆ ಮರಳಿ ಟೇಬಲ್ ಫ್ಯಾನಿನ ಮುಂದೆ ಕೂರುತ್ತಾನೆ. ಕಿರೀಟ ಬಿಚ್ಚಿದರೆ ಮತ್ತೆ ಕಟ್ಟಲು ಹೊತ್ತು ಬೇಕು, ಬಿಚ್ಚದಿದ್ದರೆ ಹಣೆಯ ನರ ಹಿಡಿಯುತ್ತದೆ. ಬೆವರಿಗೆ ಬಣ್ಣ ಇಳಿಯುತ್ತದೆ, ಒಬ್ಬ ಹುಡುಗ ಬಟ್ಟೆಯಿಂದ ಒತ್ತಿ ಸರಿ ಮಾಡುತ್ತಾನೆ. ಹೊರಗೆ ಮೂರನೆಯ ಸನ್ಮಾನ ಪತ್ರದ ವಾಚನ. ಮತ್ತೆ ರಂಗಕ್ಕೆ ಬರುವ ಹೊತ್ತಿಗೆ ಅರ್ಜುನನ ಮೈ ತಣ್ಣಗಾಗಿದೆ, ಸಭಾಂಗಣದ ಕಾಲು ಭಾಗ ಖಾಲಿ. ಒಂಬತ್ತೂವರೆ ಆಯಿತು, ದೂರದವರು ಎದ್ದಿದ್ದಾರೆ.

ಇದು ನಡೆಯುವುದು ಯಕ್ಷಗಾನಕ್ಕೇ ಎಂಬುದು ನನಗೆ ಹೆಚ್ಚು ನೋವಿನ ಸಂಗತಿ. ಬಂದವನ ಹೊತ್ತು, ಹಸಿವು, ನಿದ್ರೆ, ದಾರಿ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದ ಕಲೆ ಅದು. ಊರಿನ ಬಯಲಾಟವನ್ನು ನೆನಪಿಸಿಕೊಳ್ಳಿ. ಸಂಜೆ ಕೇಳಿ ಬಾರಿಸುತ್ತಾರೆ. ಚೆಂಡೆಯ ಸದ್ದು ಗುಡ್ಡದಾಚೆಯ ಮನೆಗೂ ಮುಟ್ಟಿ ಇವತ್ತು ಆಟ ಉಂಟು ಎಂದು ಗೊತ್ತಾಗುತ್ತದೆ. ಹಟ್ಟಿಯ ಕೆಲಸ, ಅಡುಗೆ, ಊಟ ಮುಗಿಸಿ ಸೂಟೆ ಹಚ್ಚಿಕೊಂಡು ಗದ್ದೆಯ ಹುಣಿಯ ಮೇಲೆ ನಡೆದು ಬರುವಷ್ಟು ಹೊತ್ತು ರಂಗದಲ್ಲಿ ಪೂರ್ವರಂಗ: ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷ. ಕಲಿಯುವ ಹುಡುಗರಿಗೆ ರಂಗ ಸಿಕ್ಕಿತು, ತಡವಾಗಿ ಬಂದವನಿಗೆ ಕಥೆ ತಪ್ಪಲಿಲ್ಲ. ನಡುರಾತ್ರಿ ಕಣ್ಣು ಎಳೆಯುವ ಹೊತ್ತಿಗೆ ಹಾಸ್ಯ, ತೂಕಡಿಸಿದವನನ್ನು ಎಬ್ಬಿಸಲು ಬಣ್ಣದ ವೇಷದ ಅಬ್ಬರ. ಮಕ್ಕಳು ಚಾಪೆಯ ಮೇಲೆ ಮಲಗಿದರೆ ಯಾರೂ ಆಕ್ಷೇಪಿಸುವುದಿಲ್ಲ. ಬದಿಯಲ್ಲಿ ಚರುಮುರಿ, ಚಟ್ಟಂಬಡೆ, ಚಹಾ. ಬೆಳಕು ಹರಿಯುವಾಗ ಮಂಗಳ. ರಾತ್ರಿಯಿಡೀ ಆಡುವುದಕ್ಕೆ ಕಾರಣಗಳು ಬೇರೆ ಬೇರೆ ಇರಬಹುದು, ಆದರೆ ನೋಡಲು ಬಂದವನಿಗೆ ಇದರಿಂದ ಸಿಕ್ಕ ಅನುಕೂಲ ಸಣ್ಣದಲ್ಲ. ಕತ್ತಲಲ್ಲಿ ಸಂಕ ದಾಟಿ ಮನೆಗೆ ಹೋಗುವ ಪ್ರಮೇಯವೇ ಇಲ್ಲ.

ಮುಂಬಯಿಗೆ ಬಂದಾಗ ಲೆಕ್ಕ ತಿರುವು ಮುರುವಾಯಿತು. ಇಲ್ಲಿ ಬೆಳಗಿನವರೆಗೆ ಕೂರುವುದು ಅನುಕೂಲವಲ್ಲ, ಕೊನೆಯ ಲೋಕಲ್‌ಗೆ ಮೊದಲು ಬಿಡುವುದು ಅನುಕೂಲ. ಹಿಂದೆ ಹೋಟೆಲ್ ಶಟರ್ ಇಳಿದ ಮೇಲೆ ಬಂದು ಕೂರುತ್ತಿದ್ದ ಮಾಣಿಗಳಿಗೆ ರಾತ್ರಿಯೇ ಬಿಡುವಿನ ಹೊತ್ತಾಗಿತ್ತು, ಅವರಿಗೆ ಇಡೀ ರಾತ್ರಿ ಆಟ ಸರಿಹೋಯಿತು. ಇವತ್ತಿನ ಪ್ರೇಕ್ಷಕರಿಗೆ ಸೋಮವಾರ ಬೆಳಿಗ್ಗೆ ಮಕ್ಕಳ ಶಾಲೆ, ಎಂಟರ ಗಾಡಿ. ಜೊತೆಗೆ 2000ದ ಶಬ್ದ ಮಾಲಿನ್ಯ ನಿಯಮಗಳು ಬಂದು, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕಕ್ಕೆ ತಡೆ ಬಿತ್ತು. ಯಕ್ಷಗಾನದವರು ಹೊಂದಿಕೊಂಡರು. ಬೇಶ ತಿಂಗಳ ಹತ್ತರ ಪತ್ತನಾಜೆಗೆ, ಎಂದರೆ ಮೇ 24ರ ಸುಮಾರಿಗೆ, ಊರಿನಲ್ಲಿ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದಲ್ಲಿ ಕಲಾವಿದರು ಮುಂಬಯಿಗೆ ಬರುತ್ತಾರೆ. ಅಜೆಕಾರು ಕಲಾಭಿಮಾನಿ ಬಳಗದಂಥವರು ಉಪನಗರದಿಂದ ಉಪನಗರಕ್ಕೆ ಪ್ರದರ್ಶನ, ತಾಳಮದ್ದಳೆ ಹೊಂದಿಸುತ್ತಾರೆ. ಎಂಟು ಗಂಟೆಯ ಪ್ರಸಂಗವನ್ನು ಮೂರು ಗಂಟೆಗೆ ಇಳಿಸಲು ಭಾಗವತರು ಪದ್ಯ ಬಿಟ್ಟರು, ಅರ್ಥಧಾರಿಗಳು ಮಾತು ಕಡಿಮೆ ಮಾಡಿದರು. ಕಾಲಮಿತಿ ಎಂಬುದು ಕಲಾವಿದರಿಗೆ ಅನ್ವಯವಾಯಿತು. ಸಭಾ ಕಾರ್ಯಕ್ರಮಕ್ಕೆ ಇಂದಿಗೂ ಅನ್ವಯವಾಗಿಲ್ಲ!

ನೋಡಿ ಕಲಿಯಲು ಮಾದರಿ ಇಲ್ಲವೆಂದಲ್ಲ. ದಹಿಸರಿನಿಂದ ಒಂದೇ ಸ್ಟೇಷನ್ ಆಚೆ ಬೊರಿವಲಿ ಪಶ್ಚಿಮದ ಪ್ರಬೋಧನಕಾರ್ ಠಾಕ್ರೆ ನಾಟ್ಯಗೃಹದಲ್ಲಿ ಮರಾಠಿ ನಾಟಕಕ್ಕೆ ಹೋಗಿ. ಟಿಕೆಟಿನ ಮೇಲೆ ಸೀಟಿನ ಸಂಖ್ಯೆ ಇರುತ್ತದೆ, ಯಾರೂ ‘ಇದು ಗಣ್ಯರ ಸಾಲು’ ಎಂದು ಎಬ್ಬಿಸುವುದಿಲ್ಲ. ಮೊದಲ ಗಂಟೆ, ಎರಡನೆಯ ಗಂಟೆ. ಮೂರನೆಯ ಗಂಟೆ ಬಾರಿಸಿದರೆ ಪರದೆ ಏಳಲೇಬೇಕು. ಮಗು ಅತ್ತರೆ ಹೊರಗೆ ಕರೆದುಕೊಂಡು ಹೋಗಿ ಎಂಬ ಸೂಚನೆ ಮೊದಲೇ ಬಂದಿರುತ್ತದೆ. ಮಧ್ಯಂತರದಲ್ಲಿ ಬಟಾಟೆ ವಡೆ. ಅಲ್ಲಿ ಪ್ರೇಕ್ಷಕ ದುಡ್ಡು ಕೊಟ್ಟಿದ್ದಾನೆ, ಆದ್ದರಿಂದ ಅವನ ಹೊತ್ತಿಗೆ ಬೆಲೆ ಇದೆ. ನಮ್ಮಲ್ಲಿ ಉಚಿತ ಎಂಬುದೇ ಕಾಯಿಸುವ ಪರವಾನಗಿಯಾಗಿದೆ. ಸಣ್ಣ ಮೊತ್ತದ ಟಿಕೆಟ್ ಇಟ್ಟರೆ ಜನ ಬರುವುದಿಲ್ಲ ಎಂಬ ಭಯ ಸಂಘಗಳಿಗಿದೆ. ನನಗೆ ಆ ಭಯ ಅಷ್ಟು ಇಲ್ಲ. ಮಗಳ ನೃತ್ಯ ಇದೆ ಎಂದರೆ ತಂದೆ ನೂರು ರೂಪಾಯಿಗೆ ಹಿಂದೆ ಮುಂದೆ ನೋಡುವುದಿಲ್ಲ.

ಸಂಘವೇ ಎದ್ದು ಬಂದಾಗ

ಮುಂಬಯಿಯ ಸಂಘಗಳು ಬಂದವರ ಕಷ್ಟವನ್ನು ಅರ್ಥ ಮಾಡಿಕೊಂಡೇ ಇಲ್ಲ ಎಂದರೆ ತಪ್ಪಾಗುತ್ತದೆ. 1927ರಲ್ಲಿ ಸ್ಥಾಪನೆಯಾದ ಬಂಟರ ಸಂಘ ತನ್ನ ಪ್ರಾದೇಶಿಕ ಸಮಿತಿಗಳನ್ನು ಕಟ್ಟಿದ್ದು ಒಳ್ಳೆಯ ಉದಾಹರಣೆ. ಅದರಲ್ಲಿ ಒಂದು ಜೋಗೇಶ್ವರಿ–ದಹಿಸರ್ ಸಮಿತಿ. ಹೆಸರನ್ನೇ ನೋಡಿ, ಅದು ರೈಲ್ವೆ ನಕ್ಷೆ. ಜಿಲ್ಲೆ, ತಾಲೂಕು ಎಂದು ಹಂಚಿಕೊಳ್ಳದೆ ಯಾವ ಸ್ಟೇಷನ್ನಿನಿಂದ ಯಾವ ಸ್ಟೇಷನ್‌ವರೆಗೆ ಎಂದು ಹಂಚಿಕೊಂಡರು. ಕುರ್ಲಾಕ್ಕೆ ಬರಲಾಗದ ಅಜ್ಜಿಯ ಹತ್ತಿರಕ್ಕೆ ಕುರ್ಲಾವೇ ಹೋಗಬೇಕು ಎಂಬ ವಿವೇಕ ಅದರಲ್ಲಿದೆ. ಸಾಂತಾಕ್ರೂಜಿನ ಬಿಲ್ಲವರ ಅಸೋಸಿಯೇಷನ್ನಿನ ಸ್ಥಳೀಯ ಕಚೇರಿಗಳದ್ದೂ ಇದೇ ದಾರಿ. ವಾರದ ಭಜನೆ, ಆಟಿ ತಿಂಗಳ ‘ಆಟಿಡೊಂಜಿ ದಿನ’, ಮಕ್ಕಳಿಗೆ ಪುಸ್ತಕ ವಿತರಣೆ, ಎಲ್ಲವೂ ಮನೆಯಿಂದ ಎರಡು ಸ್ಟೇಷನ್ನಿನೊಳಗೆ ನಡೆಯುವಂತಾಯಿತು.

2023ರ ಜನವರಿಯಲ್ಲಿ ಮೆಟ್ರೊ 2ಎ ಮತ್ತು 7 ಪೂರ್ತಿಯಾಗಿ ತೆರೆದ ಮೇಲೆ ಇನ್ನೊಂದು ಸಣ್ಣ ಬದಲಾವಣೆ ಆಗಿದೆ. ಎರಡೂ ಮಾರ್ಗ ದಹಿಸರ್ ಪೂರ್ವದಲ್ಲಿ ಕೂಡುತ್ತವೆ, ಒಂದು ಅಂಧೇರಿ ಪಶ್ಚಿಮಕ್ಕೆ, ಇನ್ನೊಂದು ಹೈವೇ ಮೇಲಿಂದ ಅಂಧೇರಿ ಪೂರ್ವದ ಗುಂದವಲಿಗೆ. ಲಿಫ್ಟ್ ಇದೆ, ಎಸ್ಕಲೇಟರ್ ಇದೆ, ಕೂರಲು ಜಾಗ ಸಿಗುವ ಸಂಭವ ಇದೆ. ಲೋಕಲ್ ಹತ್ತಲು ಅಂಜಿ ಕಾರ್ಯಕ್ರಮಗಳನ್ನೇ ಬಿಟ್ಟಿದ್ದ ಹಿರಿಯರು ಗೋರೆಗಾಂವ್, ಅಂಧೇರಿಯ ಹಾಲುಗಳಲ್ಲಿ ಮತ್ತೆ ಕಾಣಿಸಿಕೊಳ್ಳುತ್ತಿದ್ದಾರೆ. ಹಾಲ್ ಗೊತ್ತು ಮಾಡುವಾಗ ಬಾಡಿಗೆ, ಪಾರ್ಕಿಂಗ್ ಮಾತ್ರ ನೋಡುತ್ತಿದ್ದ ಸಮಿತಿಗಳು ಈಗ ಮೆಟ್ರೊ ಸ್ಟೇಷನ್ ಎಷ್ಟು ದೂರ ಎಂದೂ ನೋಡಬೇಕು. ಪಾರ್ಕಿಂಗ್ ಬೇಕಾದವರು ಹೆಚ್ಚಾಗಿ ವೇದಿಕೆಯ ಮೇಲಿನವರೇ.

ಮಳೆಯ ವಿಷಯವೂ ಹೀಗೆಯೇ. ಯಕ್ಷಗಾನ, ಆಟಿ ಕಾರ್ಯಕ್ರಮ ಎರಡೂ ಜುಲೈ–ಆಗಸ್ಟ್. ಮುಂಬಯಿಯ ಜುಲೈ ಎಂದರೆ ಏನೆಂದು 26 ಜುಲೈ 2005ರಂದು ಎಲ್ಲರಿಗೂ ಗೊತ್ತಾಯಿತು. ಅಂದು ಸಾಂತಾಕ್ರೂಜಿನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ. ರಾಷ್ಟ್ರೀಯ ಉದ್ಯಾನದಿಂದ ಇಳಿದು ಬರುವ ನಮ್ಮ ದಹಿಸರ್ ನದಿ ಬೇಸಿಗೆಯಲ್ಲಿ ಬರೀ ನಾಲೆ, ಮಳೆಗಾಲದಲ್ಲಿ ಅದರ ಮರ್ಜಿ ಬೇರೆ. ಇಂಥ ತಿಂಗಳಲ್ಲಿ ಮುನ್ನೂರು ಜನರನ್ನು ಕರೆದ ಮೇಲೆ ಮುನ್ನೂರು ಕೊಡೆ ಎಲ್ಲಿಡುವುದು ಎಂದು ಯೋಚಿಸಿದ ಸಂಘ ಎಷ್ಟಿದೆ? ಬಾಗಿಲಲ್ಲಿ ಪನ್ನೀರು ಚಿಮುಕಿಸಲು ಇಬ್ಬರು ಹುಡುಗಿಯರು ನಿಂತಿರುತ್ತಾರೆ, ಮಳೆಯಲ್ಲಿ ನೆನೆದೇ ಬಂದವರ ಮೇಲೆ ಪನ್ನೀರು! ಒದ್ದೆ ಕೊಡೆಯನ್ನು ಕುರ್ಚಿಯ ಕೆಳಗೆ ಇಟ್ಟರೆ ಮುಂದಿನವರ ಸೀರೆಯ ಅಂಚಿಗೆ ನೀರು. ಟೈಲ್ಸ್ ನೆಲ ಜಾರುತ್ತದೆ. ಕಳೆದ ಮಳೆಗಾಲದಲ್ಲಿ ನಮ್ಮ ಕಡೆಯ ಒಂದು ಸಣ್ಣ ಭಜನಾ ಮಂಡಳಿಯವರು ಬಾಗಿಲ ಬಳಿ ಎರಡು ದೊಡ್ಡ ಪ್ಲಾಸ್ಟಿಕ್ ಡ್ರಮ್ ಇಟ್ಟು, ನೆಲಕ್ಕೆ ಗೋಣಿ ಹಾಸಿ, ಬಂದವರ ಕೈಗೆ ಪನ್ನೀರಿನ ಬದಲು ಪೇಪರ್ ನ್ಯಾಪ್ಕಿನ್ ಕೊಟ್ಟರು. ಖರ್ಚು ಹೆಚ್ಚೆಂದರೆ ಒಂದು ಶಾಲಿನಷ್ಟು. ಅವತ್ತಿನ ಭಜನೆ ಮರೆತವರಿಗೂ ಆ ನ್ಯಾಪ್ಕಿನ್ ನೆನಪಿದೆ.

ಊಟದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಬಫೆ ಬಂದದ್ದು ಜಾಗ ಉಳಿಸಲು, ಬಡಿಸುವವರನ್ನು ಉಳಿಸಲು. ನಾನೂರು ಜನಕ್ಕೆ ಒಂದೇ ಸಾಲು ಹಾಕಿದರೆ ಕೊನೆಯವನಿಗೆ ಪ್ಲೇಟು ಸಿಗುವಾಗ ಮೊದಲಿನವ ಮನೆ ತಲುಪಿರುತ್ತಾನೆ. ಸಾಲಿನಲ್ಲಿ ನಿಂತ ಎಪ್ಪತ್ತೈದರ ಹಿರಿಯರೊಬ್ಬರನ್ನು ಗಮನಿಸಿ. ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಪ್ಲೇಟು. ಪಲ್ಯ ಹಾಕಿಸಿಕೊಂಡರು, ಅನ್ನ ಹಾಕಿಸಿಕೊಂಡರು, ಸಾರು ಹಾಕುವಾಗ ಪ್ಲೇಟು ವಾಲಿತು. ‘ಸಾಕು, ಸಾಕು’ ಎಂದರು. ಸಾಕಾಗಿರಲಿಲ್ಲ, ಹಿಡಿಯಲು ಆಗುತ್ತಿರಲಿಲ್ಲ. ಕೂರಲು ಕುರ್ಚಿ ಹುಡುಕಿದರೆ ಕುರ್ಚಿಗಳೆಲ್ಲ ಸಭಾಂಗಣದ ಒಳಗೆ. ಪಂಕ್ತಿಯಲ್ಲಿ ಈ ಪಾಡು ಇರಲಿಲ್ಲ. ಎಲೆಯ ಮುಂದೆ ಕೂತರೆ ಉಪ್ಪಿನಿಂದ ಪಾಯಸದವರೆಗೆ ತಾನಾಗಿ ಬರುತ್ತಿತ್ತು, ‘ಇನ್ನು ಸ್ವಲ್ಪ’ ಎನ್ನುವವರಿದ್ದರು. ಎಲ್ಲರಿಗೂ ಪಂಕ್ತಿ ಮಾಡಲು ಈಗ ಆಗಲಿಕ್ಕಿಲ್ಲ, ಒಪ್ಪುತ್ತೇನೆ. ಹಿರಿಯರಿಗೆ, ಎಳೆಮಕ್ಕಳ ತಾಯಂದಿರಿಗೆ ಮೂವತ್ತು ಕುರ್ಚಿ, ಐದು ಮೇಜು, ಬಡಿಸಲು ಯುವ ವಿಭಾಗದ ಆರು ಹುಡುಗರು – ಇಷ್ಟರಲ್ಲಿ ಆಗದಿರುವಂಥದ್ದು ಏನೂ ಇಲ್ಲ. ಹೋಟೆಲಿನವರ ಮಕ್ಕಳಿಗೆ ಬಡಿಸುವುದನ್ನು ಯಾರೂ ಕಲಿಸಬೇಕಾಗಿಲ್ಲ. ಹಾಗೆಯೇ ಹೆಂಗಸರ ಶೌಚಾಲಯ. ಎರಡೇ ಇರುವ ಹಾಲಿನಲ್ಲಿ ಮಧ್ಯಂತರ ಹತ್ತು ನಿಮಿಷ ಎಂದರೆ ಅದು ಗಂಡಸರ ಲೆಕ್ಕದ ಹತ್ತು ನಿಮಿಷ.

ಒಂದು ಕಾರ್ಯಕ್ರಮವಂತೂ ಬಂದವರಿಗಾಗಿಯೇ ಹುಟ್ಟಿದ್ದು. ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಇಲ್ಲಿ ಮನೆ ಮನೆಯಲ್ಲಿ ನಡೆಯುವ ಹಳದಿ ಕುಂಕು, ನಮ್ಮವರ ಅರಸಿನ ಕುಂಕುಮ. ನಾಲ್ಕರಿಂದ ಎಂಟರೊಳಗೆ ನಿಮಗೆ ಆದಾಗ ಬನ್ನಿ. ಬಂದವಳಿಗೆ ಒಬ್ಬಳೇ ಆದರೂ ಪೂರ್ತಿ ಮರ್ಯಾದೆ: ಅರಸಿನ, ಕುಂಕುಮ, ಎಳ್ಳುಂಡೆ, ಕೈಗೊಂದು ಉಡುಗೊರೆ, ಎರಡು ಮಾತು. ಮುಂದಿನ ಸಾಲು ಇಲ್ಲ, ಹಿಂದಿನ ಸಾಲು ಇಲ್ಲ, ಕಾಯುವುದು ಇಲ್ಲ. ಇಷ್ಟು ಚೆಂದದ ಪದ್ಧತಿಯನ್ನು ಸಂಘಗಳ ಮಹಿಳಾ ವಿಭಾಗಗಳು ಕೈಗೆತ್ತಿಕೊಂಡು ಏನು ಮಾಡಿದವು? ಅದಕ್ಕೂ ವೇದಿಕೆ ಹಾಕಿ, ಮುಖ್ಯ ಅತಿಥಿ ಕರೆಸಿ, ‘ಸ್ತ್ರೀ ಸಬಲೀಕರಣ’ದ ಬಗ್ಗೆ ಮುಕ್ಕಾಲು ಗಂಟೆ ಭಾಷಣ ಕೇಳಿಸಿ, ಆಮೇಲೆ ಕುಂಕುಮಕ್ಕೆ ಸಾಲು ನಿಲ್ಲಿಸಿದವು.

ಕಾಯುವುದರ ಬಗ್ಗೆ, ನೆನಪಿನ ಬಗ್ಗೆ ಹೊರದೇಶದ ಪಂಡಿತರೂ ಬರೆದಿದ್ದಾರೆ. ಡೇವಿಡ್ ಮೈಸ್ಟರ್ 1985ರಲ್ಲಿ ಸಾಲುಗಳ ಮನಃಶಾಸ್ತ್ರದ ಮೇಲೆ ಬರೆದ ಲೇಖನದಲ್ಲಿ ಹೇಳಿದ್ದು, ಎಷ್ಟು ಹೊತ್ತು ಎಂದು ಗೊತ್ತಿಲ್ಲದೆ ಕಾಯುವುದು ಗೊತ್ತಿದ್ದು ಕಾಯುವುದಕ್ಕಿಂತ ದೀರ್ಘ ಅನಿಸುತ್ತದೆ ಎಂದು. ಸುಮ್ಮನೆ ಕೂತು ಕಾಯುವುದು ಕೈಗೆ ಕೆಲಸ ಇದ್ದು ಕಾಯುವುದಕ್ಕಿಂತಲೂ ದೀರ್ಘ. 1993ರಲ್ಲಿ ಡೇನಿಯಲ್ ಕಾನೆಮನ್ ಮತ್ತು ಸಂಗಡಿಗರು ತಣ್ಣೀರಿನ ಪ್ರಯೋಗ ಮಾಡಿದರು. ಒಮ್ಮೆ ಒಂದು ನಿಮಿಷ ಕೊರೆಯುವ ನೀರಿನಲ್ಲಿ ಕೈ ಅದ್ದಬೇಕು. ಇನ್ನೊಮ್ಮೆ ಅದೇ ಒಂದು ನಿಮಿಷ, ಮೇಲೆ ಇನ್ನರ್ಧ ನಿಮಿಷ ಒಂದು ಡಿಗ್ರಿಯಷ್ಟು ಮಾತ್ರ ಬಿಸಿ ಮಾಡಿದ ನೀರಿನಲ್ಲಿ. ಯಾವುದನ್ನು ಮತ್ತೆ ಮಾಡುತ್ತೀರಿ ಎಂದರೆ ಹೆಚ್ಚಿನವರು ಉದ್ದದ್ದನ್ನೇ ಆರಿಸಿದರು, ಕೊನೆ ಸ್ವಲ್ಪ ಹಿತವಾಗಿತ್ತಲ್ಲ! ನಮ್ಮ ಕಾರ್ಯಕ್ರಮಗಳ ಕೊನೆ ಯಾವುದು? ವಂದನಾರ್ಪಣೆ. ಮೈಕಿನವರಿಂದ ಹಿಡಿದು ಹೂವಿನವರವರೆಗೆ ಅರವತ್ತು ಹೆಸರು, ಅಷ್ಟರಲ್ಲಿ ಕುರ್ಚಿಗಳು ಖಾಲಿ. ಮಕ್ಕಳ ನೃತ್ಯವನ್ನು ಕೊನೆಗೆ ಇಡುವುದು ತಂದೆ ತಾಯಿ ಎದ್ದು ಹೋಗದಿರಲೆಂಬ ಉಪಾಯಕ್ಕೆ. ಐದಕ್ಕೆ ಮೇಕಪ್ ಹಚ್ಚಿಸಿಕೊಂಡ ಏಳು ವರ್ಷದ ಹುಡುಗಿ ಎಂಟೂವರೆಗೆ ಕುಣಿಯಬೇಕು, ಅಷ್ಟರಲ್ಲಿ ಅವಳು ಗೆಜ್ಜೆ ಕಟ್ಟಿಕೊಂಡೇ ಅಜ್ಜಿಯ ತೊಡೆಯ ಮೇಲೆ ನಿದ್ರೆ ಹೋಗಿರುತ್ತಾಳೆ.

ಇದೆಲ್ಲ ಸಣ್ಣ ಅನಾನುಕೂಲ ಎಂದು ತಳ್ಳಿಹಾಕುವವರಿಗೆ ಎರಡು ದಿನಾಂಕ ನೆನಪಿಸಬೇಕು. 16 ಏಪ್ರಿಲ್ 2023, ನವಿ ಮುಂಬಯಿಯ ಖಾರ್ಘರ್. ಮಹಾರಾಷ್ಟ್ರ ಭೂಷಣ ಪ್ರಶಸ್ತಿ ಪ್ರದಾನಕ್ಕೆ ಲಕ್ಷಾಂತರ ಜನ ಬಯಲಿನಲ್ಲಿ, ನೆತ್ತಿಯ ಮೇಲೆ ಬಿಸಿಲು. ವೇದಿಕೆಗೆ ಚಪ್ಪರವಿತ್ತು. ಬಿಸಿಲಿನ ಹೊಡೆತಕ್ಕೆ 14 ಜನ ಸತ್ತರು. 4 ಜೂನ್ 2025, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ. ಒಳಗೆ ಕ್ರಿಕೆಟ್ ಗೆಲುವಿನ ಸಂಭ್ರಮ, ಹೊರಗೆ ಗೇಟುಗಳ ಬಳಿ ಕಾಲ್ತುಳಿತ, 11 ಸಾವು. ಸನ್ಮಾನ ಯಾರಿಗೆ, ಹಾರ ಯಾರ ಕೈಯಿಂದ ಎಂಬುದು ತಯಾರಾಗಿತ್ತು. ಬಂದವರು ಎಲ್ಲಿ ನಿಲ್ಲುತ್ತಾರೆ, ಹೇಗೆ ಒಳಗೆ ಬರುತ್ತಾರೆ ಎಂಬುದು ತಯಾರಾಗಿರಲಿಲ್ಲ. ನಮ್ಮ ನಾನೂರು ಜನರ ಹಾಲಿಗೂ ಆ ಬಯಲಿಗೂ ಪ್ರಮಾಣದಲ್ಲಿ ಹೋಲಿಕೆಯಿಲ್ಲ. ಯೋಚನೆಯ ಕ್ರಮ ಮಾತ್ರ ಅದೇ, ಮೊದಲು ವೇದಿಕೆ, ಆಮೇಲೆ ಮಿಕ್ಕದ್ದು. ಮೆಟ್ಟಿಲ ಬಳಿಯ ಬಾಗಿಲಿಗೆ ಹಳೆಯ ಕುರ್ಚಿಗಳನ್ನು ಒಟ್ಟಿ ಬೀಗ ಹಾಕಿದ ಹಾಲುಗಳನ್ನು ನಾವೆಲ್ಲ ಕಂಡಿದ್ದೇವೆ.

ಸಂಘಗಳ ಕಾರ್ಯದರ್ಶಿಗಳಿಗೆ ನನ್ನ ಬೇಡಿಕೆ ದೊಡ್ಡದಲ್ಲ. ಆಮಂತ್ರಣದಲ್ಲಿ ಮುಕ್ತಾಯದ ಸಮಯ ಅಚ್ಚು ಹಾಕಿಸಿ. ನಾಲ್ಕಕ್ಕೆ ಆರಂಭ, ಐದಕ್ಕೆ ಮಕ್ಕಳ ಕಾರ್ಯಕ್ರಮ, ಆರರಿಂದ ಆರೂವರೆ ಸಭೆ, ಏಳೂವರೆಗೆ ಊಟ, ಎಂಟೂವರೆಗೆ ಮುಕ್ತಾಯ. ಅಚ್ಚಾದ ಸಮಯಕ್ಕೆ ಭಾಷಣಕಾರರೂ ಹೆದರುತ್ತಾರೆ. ಸನ್ಮಾನ ಪತ್ರಗಳನ್ನು ಓದುವ ಬದಲು ಸ್ಮರಣ ಸಂಚಿಕೆಯಲ್ಲಿ ಹಾಕಿ, ಜನ ಗಾಡಿಯಲ್ಲಿ ಹೋಗುವಾಗ ಓದಿಕೊಳ್ಳುತ್ತಾರೆ. ಯಕ್ಷಗಾನವಿದ್ದರೆ ಸಭೆಯನ್ನು ಮೊದಲೇ ಮುಗಿಸಿ, ಚೌಕಿಪೂಜೆ ಆದ ಮೇಲೆ ಮೈಕ್ ಭಾಗವತರ ಕೈಯಲ್ಲಿರಲಿ.

ಇನ್ನು ಓದುಗರಿಗೆ. ತಡಮಾಡುವುದರಲ್ಲಿ ನಾವೂ ಕಡಿಮೆಯವರಲ್ಲ. ನಾಲ್ಕು ಎಂದು ಬರೆದಿದ್ದರೆ ಐದೂವರೆಗೆ ಶುರು ಎಂದು ನಾವೇ ತೀರ್ಮಾನಿಸಿ ಆರಕ್ಕೆ ಹೋಗುತ್ತೇವೆ. ನಾಲ್ಕಕ್ಕೆ ಬಾಗಿಲು ತೆರೆದು ಮೂವತ್ತು ಖಾಲಿ ಸಾಲುಗಳನ್ನು ನೋಡುವ ಸಮಿತಿಯವರ ಹೊಟ್ಟೆಯಲ್ಲಿ ಏನಾಗುತ್ತದೆ ಎಂದು ಆ ಜಾಗದಲ್ಲಿ ನಿಂತವರಿಗೇ ಗೊತ್ತು. ಊಟಕ್ಕೆ ಎಷ್ಟು ಜನ ಎಂದು ಗ್ರೂಪಿನಲ್ಲಿ ಕೇಳಿದಾಗ ಇನ್ನೂರು ಜನ ಸಂದೇಶ ನೋಡುತ್ತಾರೆ, ಹನ್ನೊಂದು ಜನ ಉತ್ತರಿಸುತ್ತಾರೆ. ಕ್ಯಾಟರಿಂಗಿನವನಿಗೆ ಆಮೇಲೆ ಅಂದಾಜಿನಿಂದ ಅಂಕಿ ಹೇಳಬೇಕು, ಒಂದೋ ಅನ್ನ ಉಳಿಯುತ್ತದೆ, ಇಲ್ಲ ದೂರದವರು ಬರಿಯ ಮೊಸರನ್ನ ಉಂಡು ಹೋಗುತ್ತಾರೆ. ಶ್ರಾವಣ ಬಂತೆಂದರೆ ಕಾರ್ಯಕ್ರಮಗಳ ಸಾಲು. ಈ ಸಲ ಸಂದೇಶ ಬಂದಾಗ ಮನೆಯಿಂದ ಎಷ್ಟು ಜನ, ಯಾವ ಸ್ಟೇಷನ್ನಿನಿಂದ, ಹಿರಿಯರು ಜೊತೆಗಿದ್ದಾರೆಯೇ ಎಂದು ಒಂದು ಸಾಲು ಬರೆದು ಕಳಿಸಿ. ಹೇಳಿದ ಹೊತ್ತಿಗೆ ಹೋಗಿ ಕೂತುಕೊಳ್ಳಿ.